ಬೆಳ್ಳಿ ಚುಕ್ಕಿ ಗಡಿ ದಾಟಿದಾಗ

ಶತ್ರುವಿನ ವಿಮಾನವೇ? ಗೂಢಚಾರಿಕೆಯ ಡ್ರೋನೇ? ಅಥವಾ ಅನ್ಯಲೋಕದ ಹಾರುವ ತಟ್ಟೆಯೇ? 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿಯವರೆಗೆ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಬಳಿ ಚೀನಾ ಗಡಿ ಕಾಯುತ್ತಿದ್ದ ನಮ್ಮ ಯೋಧರನ್ನು ಈ ಪ್ರಶ್ನೆಗಳು ಕಾಡಿದವು. ಠಾಕುಂಗ್ ಎಂಬಲ್ಲಿ ನಿಂತು ನೋಡಿದರೆ, ಬೆಟ್ಟದ ಅಂಚಿನಿಂದ ಬೆಳಕಿನ ಉಂಡೆಯೊಂದು ಮೇಲೆದ್ದು ಗಂಟೆಗಟ್ಟಲೆ ಆಕಾಶದಲ್ಲಿ ತೇಲುತ್ತಿತ್ತು. ಸೇನೆಯ ದಾಖಲೆಗೆ ಇಂಥ 329 ಪ್ರಸಂಗಗಳು ಸೇರಿದವು. ಅವುಗಳಲ್ಲಿ 155 ಸಲ ಆ ವಸ್ತು ಗಡಿ ದಾಟಿ ನಮ್ಮ ಕಡೆಗೆ ಬಂದಿದೆ ಎಂದೇ ಲೆಕ್ಕ ಹಾಕಲಾಗಿತ್ತು.

ವಿಷಯ ತಮಾಷೆಯದಲ್ಲ. 1962ರಲ್ಲಿ ಯುದ್ಧ ಕಂಡ ಗಡಿ ಅದು. 2013ರ ಏಪ್ರಿಲ್-ಮೇ ತಿಂಗಳಲ್ಲಿ ಲಡಾಖ್‌ನ ದೆಪ್ಸಾಂಗ್ ಬಯಲಿನಲ್ಲಿ ಎರಡೂ ಸೇನೆಗಳು ಮೂರು ವಾರ ಎದುರುಬದುರು ಡೇರೆ ಹಾಕಿ ಕುಳಿತಿದ್ದವು. ಅಂಥ ಕಡೆ ಒಂದು ತಪ್ಪು ಗ್ರಹಿಕೆಯೂ ಗುಂಡು ಹಾರಲು ಸಾಕು.

ಉತ್ತರ ಹುಡುಕುತ್ತ ಸೇನೆ ಬಂದದ್ದು ಬೆಂಗಳೂರಿಗೆ. ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಲಡಾಖ್ ಹೊಸದಲ್ಲ. ಅಲ್ಲಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ಅದರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಮೂಲಕ!

ವಿಜ್ಞಾನಿಗಳು ಕೇಳಿದ್ದು ಸರಳ ಸಂಗತಿ. ಆ ಬೆಳಕು ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಮೂಡುತ್ತದೆ? ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಚಲಿಸುತ್ತದೆ? ಬೆಳಕುಗಳು ಎರಡಿದ್ದವು. ಒಂದು ಸಂಜೆ ಆರರ ಸುಮಾರಿಗೆ ಮೂಡಿದರೆ, ಇನ್ನೊಂದು ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಗ್ರಹಗಳ ಸ್ಥಾನದೊಂದಿಗೆ ತಾಳೆ ನೋಡಿದಾಗ ಗುಟ್ಟು ರಟ್ಟಾಯಿತು. ಸಂಜೆಯದು ಗುರು, ಬೆಳಗಿನದು ಶುಕ್ರ. ನಮ್ಮ ಹಳ್ಳಿಗಳಲ್ಲಿ ‘ಬೆಳ್ಳಿ ಮೂಡಿತು, ಏಳಿ’ ಎನ್ನುವ ಅದೇ ಬೆಳ್ಳಿ ಚುಕ್ಕಿ! ‘ಗಡಿ ದಾಟಿದ’ ಗುರು 2012ರ ಡಿಸೆಂಬರ್‌ನಲ್ಲಿ ಭೂಮಿಗೆ ತೀರ ಹತ್ತಿರವಿದ್ದಾಗಲೂ ನಡುವಿನ ದೂರ ಸುಮಾರು 60 ಕೋಟಿ ಕಿಲೋಮೀಟರ್.

ಹಾಗಾದರೆ ಯೋಧರು ಮೋಸಹೋದದ್ದು ಹೇಗೆ? ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿಯೂ ಒಣಗಿಯೂ ಇರುವುದರಿಂದ ಗ್ರಹಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತವೆ. ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ, ನಿಂತಿರುವುದೂ ಅಲುಗಾಡಿದಂತೆ ಕಾಣುತ್ತದೆ. ಜೊತೆಗೆ ಶತ್ರುವಿನ ನಿರೀಕ್ಷೆಯಲ್ಲಿರುವ ಮನಸ್ಸು. ಆದರೂ ಯೋಧರನ್ನು ನೋಡಿ ನಗುವಂತಿಲ್ಲ. ಅವರು ಕಂಡದ್ದನ್ನು ದಿನವೂ ಬರೆದಿಟ್ಟರು. ಆ ದಾಖಲೆಯೇ ಉತ್ತರಕ್ಕೆ ದಾರಿಯಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯ ತಿರುಳೂ ಇದೇ.

ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಹೆಸರಿನಲ್ಲಿ ಇದೇ ಕೆಲಸ ಮಾಡಿತು. 12,618 ವರದಿಗಳ ಪೈಕಿ ಗುರುತು ಸಿಗದೆ ಉಳಿದದ್ದು 701. ‘ಗುರುತು ಸಿಗಲಿಲ್ಲ’ ಎಂದರೆ ಮಾಹಿತಿ ಸಾಲದು ಎಂದರ್ಥ. ಅನ್ಯಲೋಕದವರು ಬಂದಿದ್ದರು ಎಂದಲ್ಲ.

ಈ ಪರೀಕ್ಷೆಗೆ ಲಡಾಖ್‌ಗೇ ಹೋಗಬೇಕಿಲ್ಲ. ಶಿವಮೊಗ್ಗದ ಹತ್ತಿರ, ತುಂಗೆಗೆ ಅಣೆಕಟ್ಟು ಕಟ್ಟಿರುವ ಗಾಜನೂರಿನಲ್ಲೂ ಮಾಡಬಹುದು. ಅಲ್ಲಿನ ನವೋದಯ ವಿದ್ಯಾಲಯದ ಮಕ್ಕಳಿಗಂತೂ ಇದು ಒಳ್ಳೆಯ ಚಟುವಟಿಕೆ. ಪ್ರತಿ ರಾತ್ರಿ ಒಂದೇ ಜಾಗದಲ್ಲಿ ನಿಂತು, ಮರವನ್ನೋ ಕಂಬವನ್ನೋ ಗುರುತಾಗಿಟ್ಟುಕೊಳ್ಳಿ. ಕೈ ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಹೊಳೆಯುವ ಚುಕ್ಕಿ ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ನಕ್ಷತ್ರವಾದರೆ ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಅದೇ ಜಾಗಕ್ಕೆ ಬರುತ್ತದೆ. ವಾರಗಟ್ಟಲೆ ಗಮನಿಸಿದಾಗ ನಕ್ಷತ್ರಗಳ ನಡುವೆ ನಿಧಾನವಾಗಿ ಸರಿದರೆ ಅದು ಗ್ರಹ. ಮಿನುಗದೆ ಕೆಲವೇ ನಿಮಿಷಗಳಲ್ಲಿ ಆಕಾಶ ದಾಟಿದರೆ ಉಪಗ್ರಹವಿರಬಹುದು. ಕೆಂಪು, ಹಸಿರು ದೀಪವಿದ್ದರೆ ವಿಮಾನ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಅದೂ ಈ ಭಾಗಕ್ಕೆ ಅಪರೂಪವಲ್ಲ.

ಅಪ್ಪ ಅಮ್ಮಂದಿರೂ ಜೊತೆಗೆ ನಿಲ್ಲಲಿ. ‘ಅದೇನದು?’ ಎಂದು ಮಗು ಕೇಳಿದಾಗ ತಟ್ಟನೆ ಉತ್ತರ ಹೇಳುವ ಬದಲು ಒಂದು ನೋಟ್‌ಬುಕ್ಕು, ಪೆನ್ಸಿಲು ಕೊಟ್ಟರೆ ಸಾಕು.