ಮೆಚ್ಚಿದ ಸಿನಿಮಾ, ಒಪ್ಪದ ಕೊನೆಯ ರೀಲು

ಎಮ್ಮೆಯ ಬೆನ್ನೇರಿ ರಾಜ್‌ಕುಮಾರ್‌ ಹಾಡುವ ದೃಶ್ಯ ಟಿ.ವಿ.ಯಲ್ಲಿ ಬಂದರೆ ಚಾನೆಲ್‌ ಬದಲಿಸುವ ಕನ್ನಡಿಗರು ಕಡಿಮೆ. ಅಲ್ಲಿಯವರೆಗೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸ್‌ ಕಂಠದಲ್ಲಿ ಹಾಡುತ್ತಿದ್ದ ರಾಜ್‌, ಆ ಹಾಡಿರುವ 1974ರ ‘ಸಂಪತ್ತಿಗೆ ಸವಾಲ್‌’ ನಂತರ ತಮ್ಮದೇ ದನಿಯಲ್ಲಿ ನೆಲೆನಿಂತರು. ಪಿ.ಬಿ. ಧುತ್ತರಗಿ ಅವರ ನಾಟಕ ಆಧರಿಸಿದ ಆ ಚಿತ್ರ ಎಷ್ಟು ಸಲ ನೋಡಿದರೂ ಹಳಸುವುದಿಲ್ಲ. ಆದರೆ ಅದರ ಕಥೆ ನಡೆಯುವುದೇ ಸಿರಿವಂತರ ಮನೆಯ ಹುಡುಗಿಯೊಬ್ಬಳ ಸೊಕ್ಕು ಇಳಿಯುವುದರ ಸುತ್ತ.

ಈ ಸೊಕ್ಕಿಳಿಸುವ ಕಥೆಗೆ ದೊಡ್ಡ ವಂಶಾವಳಿಯೇ ಇದೆ. ಶೇಕ್ಸ್‌ಪಿಯರ್‌ 1590ರ ದಶಕದ ಆರಂಭದಲ್ಲಿ ಬರೆದ ‘ದಿ ಟೇಮಿಂಗ್‌ ಆಫ್‌ ದಿ ಶ್ರೂ’ ನಾಟಕವನ್ನು ಪರ್ವತವಾಣಿ ‘ಬಹದ್ದೂರ್‌ ಗಂಡ’ ಎಂದು ಕನ್ನಡಕ್ಕೆ ತಂದರು. 1976ರ ‘ಬಹದ್ದೂರ್‌ ಗಂಡು’, 1989ರ ‘ನಂಜುಂಡಿ ಕಲ್ಯಾಣ’ ಅದೇ ಬೇರಿನ ಚಿಗುರುಗಳು. ಗಯ್ಯಾಳಿ ಹೆಣ್ಣು, ಅವಳನ್ನು ‘ದಾರಿಗೆ ತರುವ’ ಗಂಡು, ಕೊನೆಗೆ ತಲೆಬಾಗಿದ ಹೆಂಡತಿ.

ಇಂಥ ಚಿತ್ರದ ಕುಂದು ಎತ್ತಿ ತೋರಿಸಿದರೆ ಅಭಿಮಾನಿಗಳಿಂದ ಬರುವ ಉತ್ತರ ಎರಡೇ. ಮೊದಲನೆಯದು, ‘ಆ ಕಾಲವೇ ಹಾಗಿತ್ತು’. ನಿಜವೇ? ಶೇಕ್ಸ್‌ಪಿಯರ್‌ ಬದುಕಿದ್ದಾಗಲೇ, 1611ರ ಸುಮಾರಿಗೆ, ನಾಟಕಕಾರ ಜಾನ್‌ ಫ್ಲೆಚರ್‌ ‘ದಿ ಟೇಮರ್‌ ಟೇಮ್ಡ್‌’ ಬರೆದ. ‘ಶ್ರೂ’ ನಾಟಕದಲ್ಲಿ ಹೆಂಡತಿಯನ್ನು ಪಳಗಿಸಿದ ಅದೇ ಪೆಟ್ರೂಚಿಯೋನನ್ನು ಅದರಲ್ಲಿ ಎರಡನೇ ಹೆಂಡತಿ ಕೋಣೆಯ ಹೊರಗೆ ನಿಲ್ಲಿಸಿ ಪಳಗಿಸುತ್ತಾಳೆ. ಮುಂದೆ ಇದೇ ಫ್ಲೆಚರ್‌ ಶೇಕ್ಸ್‌ಪಿಯರ್‌ ಜೊತೆಗೂಡಿ ‘ದಿ ಟೂ ನೋಬಲ್‌ ಕಿನ್ಸ್‌ಮೆನ್‌’ ರಚಿಸಿದ. ನಾಲ್ಕು ಶತಮಾನದ ಹಿಂದೆಯೇ ಒಬ್ಬನಿಗೆ ಆ ಕಥೆಗೆ ಎದುರುತ್ತರ ಕೊಡಬೇಕೆನಿಸಿತ್ತು. ಉತ್ತರ ಕೊಟ್ಟಿದ್ದಕ್ಕೆ ಸ್ನೇಹವೇನೂ ಮುರಿಯಲಿಲ್ಲ.

ಎರಡನೆಯ ಉತ್ತರ, ‘ಸಿನಿಮಾನ ಸಿನಿಮಾ ಥರ ನೋಡಿ’. ಆದರೆ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರ ಕಥೆಯನ್ನು ಹೆಮ್ಮೆಯಿಂದ ಹೇಳುವವರೂ ನಾವೇ. ಸಿನಿಮಾ ಒಳ್ಳೆಯದನ್ನು ಕಲಿಸಿದಾಗ ಅದು ಗುರು, ಕೆಟ್ಟದ್ದನ್ನು ಕಲಿಸಿದಾಗ ಬರೀ ಮನರಂಜನೆ ಎಂದರೆ ಲೆಕ್ಕ ಕೂಡುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಅಭಿಮಾನಿಗೂ ಸಲ್ಲುತ್ತದೆ.

ಹಾಗಾದರೆ ಇವನ್ನೆಲ್ಲ ಅಟ್ಟಕ್ಕೆ ಎಸೆಯಬೇಕೇ? ಎಸೆಯಿರಿ ಎನ್ನುವವರೂ ಒಂದನ್ನು ಗಮನಿಸಿಲ್ಲ. ಪ್ರೇಕ್ಷಕರ ನೆನಪಿನಲ್ಲಿ ಉಳಿದಿರುವುದು ‘ಸಂಪತ್ತಿಗೆ ಸವಾಲ್‌’ ನಾಯಕಿ, ತಲೆಬಾಗಿದ ಮಂಜುಳಾ ಅಲ್ಲ. ಕಣ್ಣು ಕೆಕ್ಕರಿಸಿ ಮಾತಿಗೆ ಮಾತು ಎಸೆಯುವ ಮಂಜುಳಾ. ಕಥೆ ಯಾವ ಬಜಾರಿತನವನ್ನು ಶಿಕ್ಷಿಸಿತೋ, ಜನ ಟಿಕೆಟ್‌ ಕೊಂಡಿದ್ದು ಅದನ್ನೇ ನೋಡಲು. ‘ನಂಜುಂಡಿ ಕಲ್ಯಾಣ’ದಿಂದ ಕನ್ನಡಕ್ಕೆ ಬಂದ ಮಾಲಾಶ್ರೀ ಆ ಚಿತ್ರದಲ್ಲಿ ಪಳಗಿದರು, ಸರಿ. ಆದರೆ ಅಭಿಮಾನಿಗಳು ಅವರನ್ನು ಬೆಳೆಸಿದ್ದು ಪಳಗಿದ ಸೊಸೆಯಾಗಿ ಅಲ್ಲ. ಖಳರನ್ನು ತಾವೇ ಬಡಿದು ಕೆಡವುವ ನಾಯಕಿಯಾಗಿ. ಅವರ ಹೆಸರೊಂದರ ಮೇಲೇ ಚಿತ್ರಗಳು ಓಡಿದವು. ಫ್ಲೆಚರ್‌ ಲೇಖನಿಯಿಂದ ಮಾಡಿದ್ದನ್ನು ಇಲ್ಲಿ ಗಾಂಧಿ ಕ್ಲಾಸಿನ ಶಿಳ್ಳೆ ಮಾಡಿತು.

ಅಂದರೆ ಮೆಚ್ಚುಗೆಯೊಳಗೇ ಒಂದು ವಿಮರ್ಶೆ ಇರುತ್ತದೆ. ತೊಂದರೆಯೆಂದರೆ ಅದು ಮೌನವಾಗಿರುತ್ತದೆ. ಕೊನೆಯ ರೀಲನ್ನು ನಾವು ಮರೆಯುತ್ತೇವೆಯೇ ವಿನಾ ಅದು ತಪ್ಪೆಂದು ಹೇಳುವುದಿಲ್ಲ. ಹೇಳಿದವರನ್ನು ದ್ರೋಹಿಗಳ ಸಾಲಿಗೆ ಸೇರಿಸುತ್ತೇವೆ. ಮರೆತದ್ದು ಹಾಗೆಯೇ ಉಳಿದುಕೊಂಡು, ಹೊಸ ನಾಯಕ ಹೊಸ ನಾಯಕಿಗೆ ‘ಬುದ್ಧಿ ಕಲಿಸುವ’ ದೃಶ್ಯವಾಗಿ ಮತ್ತೆ ಬರುತ್ತದೆ, ಮತ್ತೆ ಚಪ್ಪಾಳೆ ಗಿಟ್ಟಿಸುತ್ತದೆ.

ಮುಂದಿನ ಸಲ ‘ಸಂಪತ್ತಿಗೆ ಸವಾಲ್‌’ ಬಂದಾಗ ಎಮ್ಮೆಯ ಹಾಡಿಗೆ ದನಿಗೂಡಿಸೋಣ, ಮಂಜುಳಾ ಮಾತಿಗೆ ನಗೋಣ. ಕೊನೆಯ ದೃಶ್ಯ ಬಂದಾಗ, ಪಕ್ಕದಲ್ಲಿ ಕೂತ ಮಕ್ಕಳಿಗೆ ಕೇಳುವ ಹಾಗೆ, ‘ಇದೊಂದು ನನಗೆ ಒಪ್ಪಿಗೆಯಿಲ್ಲ’ ಎನ್ನೋಣ. ಅಷ್ಟಕ್ಕೆ ರಾಜ್‌ಕುಮಾರ್‌ ದೊಡ್ಡತನವೇನೂ ಕುಂದುವುದಿಲ್ಲ.