ಬೀಟೆ ಮರದ ಮೇಲೆ ಹೊರಿಸಿದ ಹಾಡು

ಎಲೆಕ್ಟ್ರಿಕ್ ಬೇಸ್ ಗಿಟಾರ್ ಕೊಳ್ಳಲು ಹೊರಟವರೆಲ್ಲ ಒಮ್ಮೆಯಾದರೂ ಕೇಳಿಸಿಕೊಳ್ಳುವ ಮಾತೊಂದಿದೆ: ಫಿಂಗರ್‌ಬೋರ್ಡ್ ರೋಸ್‌ವುಡ್ ಆದರೆ ಟೋನ್ ‘ವಾರ್ಮ್’, ಮೇಪಲ್ ಆದರೆ ‘ಬ್ರೈಟ್’, ಎಬೊನಿಯಾದರೆ ಇನ್ನೂ ‘ಟೈಟ್’. ಕಾಲೇಜು ಬ್ಯಾಂಡುಗಳ ಹುಡುಗ ಹುಡುಗಿಯರು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ನಾನು ಸಾಹಿತ್ಯ ವಿಮರ್ಶೆಯ ಪರಿಭಾಷೆಯ ಮೇಲೆ ಸಂಶೋಧನೆ ಮಾಡುತ್ತಿರುವವನು, ಬಿಡುವಿನಲ್ಲಿ ಬೇಸ್ ನುಡಿಸುವವನು. ಹಾಗಾಗಿ ಈ ವಿಶೇಷಣಗಳ ಬಗ್ಗೆ ನನಗೆ ಎರಡೂ ಕಡೆಯಿಂದ ತಕರಾರಿದೆ. ಫ್ರೆಟ್ ಇರುವ ಬೇಸ್‌ನಲ್ಲಿ ಫಿಂಗರ್‌ಬೋರ್ಡಿನ ಮರಕ್ಕೆ ನಾವು ಕೊಟ್ಟಿರುವ ಕೀರ್ತಿಯ ಬಹುಪಾಲು ಅದಕ್ಕೆ ಸೇರಿದ್ದಲ್ಲ. ಇದು ಬರೀ ರುಚಿಭೇದದ ಜಗಳವೂ ಅಲ್ಲ. ಯಾಕೆಂದರೆ ರೋಸ್‌ವುಡ್ ಎಂದು ಅವರು ಹೇಳುವ ಮರ ಹೆಚ್ಚಾಗಿ ನಮ್ಮ ಪಶ್ಚಿಮ ಘಟ್ಟದ ಬೀಟೆಯ ಜಾತಿಯದೇ.

ಮೊದಲು ವಾದ್ಯವನ್ನೇ ನೋಡೋಣ. ವೀಣೆಯಲ್ಲಿ ತಂತಿಯ ನಡುಕ ಕುದುರೆಯ ಮೂಲಕ ಕೊಡಕ್ಕೆ ಇಳಿಯುತ್ತದೆ. ಮರವೇ ಗಾಳಿಯನ್ನು ಅಲುಗಿಸಿ ನಾದವನ್ನು ನಮ್ಮ ಕಿವಿಗೆ ಮುಟ್ಟಿಸುತ್ತದೆ. ಹಲಸೋ ಬೀಟೆಯೋ ಎಂಬ ಪ್ರಶ್ನೆಗೆ ಅಲ್ಲಿ ಅರ್ಥವಿದೆ. ಎಲೆಕ್ಟ್ರಿಕ್ ಬೇಸ್‌ನ ಕತೆ ಬೇರೆ. ಅದರ ಪಿಕಪ್ ಎಂದರೆ ಒಂದಿಷ್ಟು ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ. ಉಕ್ಕಿನ ತಂತಿ ಅದರ ಮುಂದೆ ಅಲುಗಿದಾಗ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರಿಗೆ ಹೋಗುವುದು ಅದು. ಬೆರಳಿಂದ ಒತ್ತಿದಾಗ ತಂತಿ ಕೂರುವುದೂ ಲೋಹದ ಫ್ರೆಟ್ಟಿನ ಮೇಲೆಯೇ ಹೊರತು ಮರದ ಮೇಲಲ್ಲ. ಫಿಂಗರ್‌ಬೋರ್ಡ್ ಎಂಬುದು ಆ ಫ್ರೆಟ್ಟುಗಳನ್ನು ಹಿಡಿದುಕೊಂಡಿರುವ, ಅರ್ಧ ಸೆಂಟಿಮೀಟರ್ ಆಸುಪಾಸಿನ ದಪ್ಪದ ಹಲಗೆ.

ಹಾಗಾದರೆ ಮರಕ್ಕೆ ಕೆಲಸವೇ ಇಲ್ಲವೇ? ಇದೆ. ಅದನ್ನು ಮುಚ್ಚಿಟ್ಟು ವಾದ ಗೆಲ್ಲುವ ಆಸೆ ನನಗಿಲ್ಲ. ತಂತಿ ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ನೆಕ್ಕಿಗೆ ಬಿಟ್ಟುಕೊಡುತ್ತದೆ. ನೆಕ್ಕಿನ ಸ್ವಂತ ಕಂಪನದ ಹತ್ತಿರಕ್ಕೆ ಬರುವ ಸ್ವರಗಳು ಬೇಗ ಆರಿಹೋಗುತ್ತವೆ. ಫೆಂಡರ್ ಮಾದರಿಯ ಹಲವು ಬೇಸ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ಟಿನ ನಡುವೆ ಇಂಥ ಒಂದು ‘ಡೆಡ್ ಸ್ಪಾಟ್’ ಸಿಗುವುದು ನುಡಿಸುವವರಿಗೆಲ್ಲ ಗೊತ್ತು. ಪ್ಯಾರಿಸ್‌ನ ಸಂಶೋಧಕರು ಉಳಿದಂತೆ ಒಂದೇ ತರಹ ಮಾಡಿಸಿದ, ಎಬೊನಿ ಮತ್ತು ರೋಸ್‌ವುಡ್ ಫಿಂಗರ್‌ಬೋರ್ಡಿನ ಎಲೆಕ್ಟ್ರಿಕ್ ಗಿಟಾರುಗಳನ್ನು ಅಳೆದು, ನೆಕ್ಕಿನ ಕಂಪನದಲ್ಲಿ ವ್ಯತ್ಯಾಸವಿದೆ, ಕೆಲವು ಸ್ವರಗಳು ನಿಲ್ಲುವ ಹೊತ್ತಿನ ಮೇಲೆ ಅದರ ಪರಿಣಾಮವಿದೆ ಎಂದು ತೋರಿಸಿದ್ದಾರೆ. ಒಪ್ಪೋಣ. ಆದರೆ ಇದು ‘ಅಲ್ಲೊಂದು ಸ್ವರ ಬೇಗ ಆರುತ್ತದೆ’ ಎಂಬ ಮಾತು. ‘ಇಡೀ ವಾದ್ಯದ ದನಿ ಬೆಚ್ಚಗಿದೆ’ ಎಂಬ ಮಾತಲ್ಲ. ಮೇಲಾಗಿ ಇದು ಇಡೀ ನೆಕ್ಕಿನ ಗುಣ. ಉದ್ದ, ದಪ್ಪ, ಒಳಗಿರುವ ಉಕ್ಕಿನ ಸರಳು, ತುದಿಯಲ್ಲಿರುವ ಶ್ರುತಿ ಕೀಲಿಗಳ ತೂಕ ಎಲ್ಲವೂ ಅದರಲ್ಲಿ ಸೇರಿವೆ. ಹೆಡ್‌ಸ್ಟಾಕಿಗೆ ಒಂದು ಸಣ್ಣ ಕ್ಲ್ಯಾಂಪ್ ಬಿಗಿದು ನೋಡಿ, ಡೆಡ್ ಸ್ಪಾಟ್ ಜಾಗ ಬದಲಿಸುತ್ತದೆ. ಮರ ಮಾತ್ರ ಅದೇ ಮರ.

ಮರ ನಿಜಕ್ಕೂ ತಂತಿಗೆ ತಾಗುವುದು ಫ್ರೆಟ್‌ಲೆಸ್ ಬೇಸ್‌ನಲ್ಲಿ. ಆ ಲೋಕದ ದೊಡ್ಡ ಹೆಸರು ಜಾಕೊ ಪಾಸ್ಟೋರಿಯಸ್. ಹಾಡುವ ಗಂಟಲಿನಂಥ ಅವನ ದನಿಯನ್ನು ಇವತ್ತಿಗೂ ಜನ ಹುಡುಕುತ್ತಾರೆ. ಅವನು ಮಾಡಿದ್ದೇನು? ತನ್ನ ಜಾಝ್ ಬೇಸ್‌ನ ಫ್ರೆಟ್ ಕಿತ್ತ ರೋಸ್‌ವುಡ್ ಹಲಗೆಗೆ ದೋಣಿಗೆ ಬಳಿಯುವ ಎಪಾಕ್ಸಿಯನ್ನು ಹಚ್ಚಿದ! ಸುರುಳಿ ತಂತಿಗಳು ಮರವನ್ನು ಸವೆಸದಿರಲೆಂದು ಹಾಕಿದ ಗಟ್ಟಿ ಲೇಪ ಅದು. ಮರ ಮಾತಾಡಬಹುದಾಗಿದ್ದ ಜಾಗದಲ್ಲಿಯೇ ಅದರ ಬಾಯಿಗೆ ಪ್ಲಾಸ್ಟಿಕ್ಕಿನ ಬೀಗ ಬಿತ್ತು. ನಾವು ಹಾಡಿ ಹೊಗಳುವ ದನಿ ಆ ಬೀಗದ ಮೇಲೆ ಹುಟ್ಟಿದ್ದು.

ಈಗ ವಿಶೇಷಣಗಳಿಗೆ ಬರೋಣ, ನನ್ನ ನಿಜವಾದ ಜಗಳ ಇರುವುದು ಅಲ್ಲಿ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ 1951ರಲ್ಲಿ ಬಂದಾಗ ಅದರ ನೆಕ್ಕು ಇಡಿಯಾಗಿ ಮೇಪಲ್. ರೋಸ್‌ವುಡ್ ಹಲಗೆ ಬಂದದ್ದು 1959ರಲ್ಲಿ. 1960ರ ಜಾಝ್ ಬೇಸ್ ಕೂಡ ರೋಸ್‌ವುಡ್‌ನೊಂದಿಗೇ ಹುಟ್ಟಿತು. ‘ಬೆಚ್ಚಗಿನ ರೋಸ್‌ವುಡ್’ ಎಂದರೆ ನಮ್ಮ ಕಿವಿಗೆ ನೆನಪಾಗುವವನು ಮೋಟೌನ್‌ನ ಜೇಮ್ಸ್ ಜೇಮರ್ಸನ್. ಅವನ ಬೇಸ್‌ಗೆ ಇದ್ದದ್ದು ನುಣುಪಾದ ಫ್ಲ್ಯಾಟ್‌ವೂಂಡ್ ತಂತಿಗಳು, ಸುಲಭಕ್ಕೆ ಬದಲಿಸದ ಹಳೆಯ ತಂತಿಗಳು, ಸೇತುವೆಯ ಬಳಿ ದನಿ ತಗ್ಗಿಸುವ ಸ್ಪಂಜು, ಒಂದೇ ತೋರುಬೆರಳು. ‘ಹೊಳೆಯುವ ಮೇಪಲ್’ ಎಂದರೆ ನೆನಪಾಗುವವನು ಮಾರ್ಕಸ್ ಮಿಲ್ಲರ್. ಅವನದು 1977ರ ಜಾಝ್ ಬೇಸ್, ಹೊಸ ರೌಂಡ್‌ವೂಂಡ್ ತಂತಿ, ಒಳಗೆ ಪ್ರಿಆಂಪ್, ತಂತಿಯನ್ನು ಹೆಬ್ಬೆರಳಿನಿಂದ ಹೊಡೆಯುವ ಸ್ಲ್ಯಾಪ್. ಇಬ್ಬರ ತಂತಿ ಬೇರೆ, ಕೈ ಬೇರೆ, ವಿದ್ಯುತ್ ಬೇರೆ, ಸಂಗೀತವೇ ಬೇರೆ. ಇಷ್ಟೆಲ್ಲವನ್ನೂ ಬದಿಗಿಟ್ಟು, ಚಿತ್ರದಲ್ಲಿ ಎದ್ದು ಕಾಣುವ ಹಲಗೆಯ ಬಣ್ಣಕ್ಕೆ ಯಶಸ್ಸನ್ನು ಬರೆದುಕೊಟ್ಟೆವು. ಕಂದು ಬಣ್ಣ ಬೆಚ್ಚಗೆ, ಹಳದಿ ಬಣ್ಣ ಹೊಳಪು, ಕರಿ ಬಣ್ಣ ಬಿಗಿ. ಈ ಮಾತುಗಳು ಹುಟ್ಟಿದ್ದು ಕಿವಿಯಲ್ಲೋ ಕಣ್ಣಲ್ಲೋ, ನೀವೇ ಹೇಳಿ.

ಸಾಹಿತ್ಯದಲ್ಲೂ ನಾವು ಮಾಡುವುದು ಇದನ್ನೇ. ಲೇಖಕನ ಊರನ್ನು ತಿಳಿದುಕೊಂಡ ಮೇಲೆ ಅವನ ಗದ್ಯದಲ್ಲಿ ‘ಮಣ್ಣಿನ ವಾಸನೆ’ ಹಿಡಿಯುತ್ತೇವೆ. ಹೆಸರು ಮುಚ್ಚಿ ಕೊಟ್ಟರೆ ಆ ವಾಸನೆ ಎಷ್ಟು ಜನರ ಮೂಗಿಗೆ ತಾಗೀತು? ವಾದ್ಯಗಳಲ್ಲಿ ಈ ಪರೀಕ್ಷೆ ನಡೆದಿದೆ. 2010ರಲ್ಲಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು ಇಂಡಿಯಾನಾಪೊಲಿಸ್‌ನಲ್ಲಿ 21 ಪಿಟೀಲು ವಾದಕರಿಗೆ ಕಪ್ಪು ಕನ್ನಡಕ ತೊಡಿಸಿ ಹಳೆಯ ಮತ್ತು ಹೊಸ ಪಿಟೀಲುಗಳನ್ನು ಕೊಟ್ಟರು. ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಹೊಸ ಪಿಟೀಲು. ಅತಿ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿ! ಮರವೇ ದನಿ ಕೊಡುವ ಪಿಟೀಲಿನ ಗತಿಯೇ ಹೀಗಿರುವಾಗ ಪಿಕಪ್ಪಿನ ಬೇಸ್ ಬಗ್ಗೆ ಇಷ್ಟು ಧೈರ್ಯ ಎಲ್ಲಿಂದ ಬಂತು?

‘ಇರಲಿ ಬಿಡಿ, ನಂಬಿಕೆಯಿಂದ ಯಾರಿಗೇನು ನಷ್ಟ?’ ಎನ್ನುವವರಿದ್ದಾರೆ. ನಷ್ಟ ಇದೆ. ಬೀಟೆ ನಿಧಾನಕ್ಕೆ ಬೆಳೆಯುವ ಮರ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೆ ಸಿಲುಕಿದ ಪ್ರಭೇದ. ಅದು ಸೇರಿದಂತೆ ಡಾಲ್‌ಬರ್ಜಿಯಾ ಕುಲದ ಮರಗಳೆಲ್ಲ 2017ರ ಜನವರಿ 2ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದವು. ಆಗ ಫೆಂಡರ್ ತನ್ನ ಮೆಕ್ಸಿಕೊ ತಯಾರಿಯ ವಾದ್ಯಗಳಿಗೆ ದಕ್ಷಿಣ ಅಮೆರಿಕದ ಪಾವ್ ಫೆರೊ ಮರ ಹಾಕಿತು. ಸಂಗೀತ ನಿಂತುಹೋಯಿತೇ? ಇಲ್ಲ. ಗೊಣಗಾಟ ಮಾತ್ರ ಎದ್ದಿತು, ಅದರಲ್ಲಿ ಬಹಳಷ್ಟು ಬಣ್ಣ ತಿಳಿಯಾಯಿತೆಂಬ ಗೊಣಗಾಟ. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೀಟೆಯ ಜಾತಿಯನ್ನು ಹೆಚ್ಚು ನುಂಗಿದ್ದು ಪೀಠೋಪಕರಣದ ವ್ಯಾಪಾರ, ಗಿಟಾರಿನ ಪಾಲು ಸಣ್ಣದು ಎಂಬುದು ನಿಜ. ಆದರೆ ಮಂಚ ಮಾಡಿಸುವವನು ‘ಚೆಂದ ಕಾಣುತ್ತದೆ’ ಎಂದು ನೇರವಾಗಿ ಹೇಳುತ್ತಾನೆ. ಮೈಸೂರಿನ ಇನ್‌ಲೇ ಕುಶಲಕರ್ಮಿ ಬೀಟೆ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸುವಾಗ ಕಣ್ಣಿಗೆಂದೇ ಕೂರಿಸುತ್ತಾನೆ. ನಾವು ಮಾತ್ರ ಕಣ್ಣಿನ ಆಸೆಗೆ ನಾದದ ಹೆಸರಿಡುತ್ತೇವೆ. ಚೆಂದ ಎಂದರೆ ಬೇರೆ ಚೆಂದ ಹುಡುಕಬಹುದು. ‘ಈ ದನಿ ಬೇರೆ ಯಾವುದರಿಂದಲೂ ಬರದು’ ಎಂದರೆ ಆ ಮರವನ್ನು ಕಡಿಯಲೇಬೇಕಾಗುತ್ತದೆ.

ಇನ್ನೊಂದು ನಷ್ಟ ಕಲಿಯುವವರದು. ಸ್ಕಾಲರ್‌ಶಿಪ್ ಹಣ ಕೂಡಿಟ್ಟ ವಿದ್ಯಾರ್ಥಿ ಮರದ ಹೆಸರಿಗೆ ಹೆಚ್ಚು ಕೊಟ್ಟು, ಹೊಸ ತಂತಿಗೆ, ಫ್ರೆಟ್ ಸಮ ಮಾಡಿಸುವುದಕ್ಕೆ, ಪಿಕಪ್ಪಿನ ಎತ್ತರ ಸರಿಪಡಿಸುವುದಕ್ಕೆ ಕಾಸಿಲ್ಲದೆ ಕೂರುತ್ತಾನೆ. ದನಿ ಬದಲಾಗುವುದು ಅವುಗಳಿಂದ. ಎಲ್ಲಕ್ಕಿಂತ ಹೆಚ್ಚು, ತಂತಿಯನ್ನು ಎಲ್ಲಿ, ಹೇಗೆ ಮೀಟುತ್ತೇವೆ ಎಂಬುದರಿಂದ. ಅದಕ್ಕೆ ಕಾಸು ಬೇಡ, ಅಭ್ಯಾಸ ಬೇಕು.

ಆದ್ದರಿಂದ ‘ರೋಸ್‌ವುಡ್ ವಾರ್ಮ್’ ಎನ್ನುವವರಲ್ಲಿ ನನ್ನದೊಂದೇ ಬೇಡಿಕೆ. ಎರಡು ಬೇಸ್, ಒಂದೇ ತರದ ಹೊಸ ತಂತಿ, ಒಂದೇ ಪಿಕಪ್, ಒಂದೇ ಆಂಪ್, ಒಬ್ಬನೇ ವಾದಕ, ನಡುವೆ ಒಂದು ಪರದೆ. ಇಪ್ಪತ್ತು ಸಲ ಕೇಳಿ, ಇಪ್ಪತ್ತು ಸಲ ಬರೆದಿಡಿ, ಆಮೇಲೆ ಎಣಿಸಿ. ಅಷ್ಟು ಮಾಡುವ ತನಕ ‘ಬೀಟೆ ನೋಡಲು ಚೆಂದ, ಬೆರಳಿಗೆ ಹಿತ’ ಎಂದಷ್ಟೇ ಹೇಳಿ. ಅದು ಸಣ್ಣ ಮಾತಲ್ಲ, ಪ್ರಾಮಾಣಿಕ ಮಾತು.