ಬೇಳೆ ಮೊದಲು, ಕಷಾಯ ಆಮೇಲೆ

ಜಯನಗರದ ಪಾರ್ಕುಗಳಲ್ಲಿ ಬೆಳಗಿನ ವಾಕಿಂಗ್ ಮುಗಿಸಿದವರು ಗೇಟಿನ ಹೊರಗೆ ನಿಂತು ಗರಿಕೆ ರಸ, ಬೂದುಗುಂಬಳದ ರಸ ಕುಡಿಯುತ್ತಾರೆ. ಕುಡಿಯಲಿ. ಅದರಿಂದ ರೋಗನಿರೋಧಕ ಶಕ್ತಿ ಏರುತ್ತದೆ ಎಂಬ ಮಾತಿಗೆ ಮಾತ್ರ ನನ್ನ ತಕರಾರು. ಈ ತಕರಾರಿಗೆ ಎದುರು ನಿಂತವರ ವಾದಗಳನ್ನು ಒಂದೊಂದಾಗಿ ನೋಡೋಣ.

‘ಕೋವಿಡ್‌ನಲ್ಲಿ ನಮ್ಮನ್ನು ಕಾಪಾಡಿದ್ದೇ ಅಮೃತಬಳ್ಳಿ ಕಷಾಯ.’ ಕುಡಿದವರಲ್ಲೂ ಕುಡಿಯದವರಲ್ಲೂ ಬಹುಪಾಲು ಜನ ಗುಣವಾದರು. ಹಾಗಿದ್ದಮೇಲೆ ಬಳ್ಳಿಯ ಪಾಲು ಎಷ್ಟೆಂದು ಹೇಗೆ ಹೇಳುವುದು? ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟಾದ 43 ರೋಗಿಗಳ ವಿವರವನ್ನು ದೇಶದ 13 ಕೇಂದ್ರಗಳ ತಜ್ಞರು 2022ರಲ್ಲಿ ಪ್ರಕಟಿಸಿದರು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣಗಳು ಅವರಲ್ಲಿ ಕಂಡಿದ್ದವು. ಇಂಥ ವರದಿಗಳು ಬಂದಾಗ ಆಯುಷ್ ಸಚಿವಾಲಯ, ಅದು ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತ್ತು. ಇರಬಹುದು. ಬನಶಂಕರಿಯ ಕಾಂಪೌಂಡುಗಳ ಮೇಲೆ ಹಬ್ಬಿರುವುದು ಯಾವುದೆಂದು ಪರೀಕ್ಷೆ ಮಾಡಿಸಿ ಕುದಿಸುವವರು ಯಾರಿದ್ದಾರೆ? ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಲೆಕ್ಕವೇ ಸರಿಯಲ್ಲ. ಅದು ದಾರಿ ತಪ್ಪಿದರೆ ಬರುವುದೇ ಸೋರಿಯಾಸಿಸ್, ರುಮಟಾಯ್ಡ್ ಸಂಧಿವಾತ.

‘ನೆಲ್ಲಿಕಾಯಿ, ನಿಂಬೆಹಣ್ಣಿನ ವಿಟಮಿನ್ ಸಿ?’ ದಿನವೂ ವಿಟಮಿನ್ ಸಿ ಮಾತ್ರೆ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ. 8ರಷ್ಟು ಬೇಗ ಹೋಗುತ್ತದೆ, ಅಷ್ಟೆ. ಚಿತ್ರಾನ್ನಕ್ಕೆ ನಿಂಬೆ ಹಿಂಡಿ, ರುಚಿಗೆ.

ಇನ್ನೊಂದು ತುದಿಯಲ್ಲಿರುವವರ ವಾದವೇ ಗಂಭೀರವಾದದ್ದು: ‘ಊಟಕ್ಕೂ ಸೋಂಕಿಗೂ ಏನು ಸಂಬಂಧ? ಲಸಿಕೆ, ಔಷಧಿ ಇದ್ದರೆ ಸಾಕು.’ ಜಯನಗರದ ಅಂಚಿನ ಸೋಮೇಶ್ವರನಗರದಲ್ಲಿ ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಇದೆ. ಅಲ್ಲಿಗೆ ಬರುವ ಕ್ಷಯ ಎಂಥ ರೋಗ ಎಂದರೆ, ರೋಗಾಣು ಎಷ್ಟೋ ಜನರ ದೇಹದಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಮೈ ಸೊರಗಿದಾಗ ಎದ್ದೇಳುತ್ತದೆ. ಪ್ರತಿಕಾಯಗಳು ಪ್ರೊಟೀನಿನಿಂದಲೇ ಆದವು. ಅಪೌಷ್ಟಿಕ ಮಕ್ಕಳಲ್ಲಿ ಟಿ ಕೋಶಗಳನ್ನು ಪಳಗಿಸುವ ಥೈಮಸ್ ಗ್ರಂಥಿಯೇ ಕುಗ್ಗುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ಊಟಕ್ಕೂ ಕ್ಷಯಕ್ಕೂ ಇರುವ ಈ ನಂಟನ್ನೇ ಪರೀಕ್ಷೆಗೆ ಒಡ್ಡಿದರು. ಕ್ಷಯ ರೋಗಿಗಳ ಜೊತೆಯಲ್ಲೇ ಬದುಕುವ 10,345 ಮನೆಮಂದಿಯಲ್ಲಿ ಒಂದು ಗುಂಪಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಸಿಕ್ಕಿತು. ಇನ್ನೊಂದು ಗುಂಪಿನ ಮನೆಗಳಲ್ಲಿ ರೋಗಿಗೆ ಮಾತ್ರ ಆಹಾರ ಕೊಟ್ಟರು. ‘ಲ್ಯಾನ್ಸೆಟ್’ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಫಲಿತಾಂಶ: ಬೇಳೆ ಸಿಕ್ಕ ಮನೆಮಂದಿಯಲ್ಲಿ ಕ್ಷಯ ಶೇ. 39ರಷ್ಟು ಕಡಿಮೆ, ಕೆಮ್ಮಿನಿಂದ ಹರಡುವ ಬಗೆಯದು ಶೇ. 48ರಷ್ಟು ಕಡಿಮೆ. ಇಷ್ಟು ಮಾಡಿ ತೋರಿಸಿದ ಕಷಾಯ ಯಾವುದಿದೆ, ಹೇಳಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ ಸಿಗುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ. ಮನೆಮಂದಿಯ ತಟ್ಟೆಗೂ ಅದರಲ್ಲಿ ಪಾಲು ಬರಬೇಕು.

‘ನಾವು ಹೊಟ್ಟೆ ತುಂಬ ಉಣ್ಣುವವರು, ನಮಗೇನು?’ ನಿಮಗೆ ಸಕ್ಕರೆ. ಹತೋಟಿ ತಪ್ಪಿದ ಮಧುಮೇಹ ರೋಗಾಣುಗಳನ್ನು ನುಂಗುವ ಬಿಳಿರಕ್ತಕಣಗಳನ್ನು ಮಂಕಾಗಿಸುತ್ತದೆ. ಕ್ಷಯದ ಅಪಾಯ ಎರಡು-ಮೂರು ಪಟ್ಟಾಗುತ್ತದೆ. ಹಾಗಲಕಾಯಿ ರಸ ಕುಡಿದು, ದರ್ಶಿನಿಯಲ್ಲಿ ಚೌಚೌ ಬಾತ್ ಹೇಳಿ, ಕೇಸರಿಬಾತನ್ನು ಮೊದಲು ಮುಗಿಸುವವರು ದಯವಿಟ್ಟು ನನ್ನ ಜೊತೆ ವಾದಕ್ಕೆ ಬರಬೇಡಿ.

ಕೊನೆಗೆ ಮೊಟ್ಟೆ. ಬಿಸಿಯೂಟದಲ್ಲಿ ಮೊಟ್ಟೆ ಬೇಡ, ಬೊಜ್ಜು ಬರುತ್ತದೆ, ಹಾರ್ಮೋನು ಏರುಪೇರಾಗುತ್ತದೆ ಎಂದು 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ಕರ್ನಾಟಕದ ಸಮಿತಿಯೊಂದು ಬರೆಯಿತು. ಅದರ ಮುಖ್ಯಸ್ಥರು ಇಲ್ಲೇ ಹತ್ತಿರದ ನಿಮ್ಹಾನ್ಸ್‌ನ ಪ್ರಾಧ್ಯಾಪಕರು. ಸರ್ಕಾರಿ ಶಾಲೆಯ ಸಣಕಲು ಮಗುವಿನ ಮುಂದೆ ಬೊಜ್ಜಿನ ಮಾತೇ? ‘ಬೇಳೆಯಲ್ಲೂ ಪ್ರೊಟೀನ್ ಇದೆಯಲ್ಲ’ ಎನ್ನುತ್ತಾರೆ. ಇದೆ. ಒಂದು ಮೊಟ್ಟೆಯ 6 ಗ್ರಾಂ ಪ್ರೊಟೀನಿಗೆ ಸುಮಾರು 30 ಗ್ರಾಂ ತೊಗರಿಬೇಳೆ ಸಮ. ನೀವು ಬಡಿಸುವ ತಿಳಿಸಾರಿನಲ್ಲಿ ಒಬ್ಬೊಬ್ಬರ ಪಾಲಿಗೆ ಅಷ್ಟು ಬೇಳೆ ಬೀಳುತ್ತದೆಯೇ ಎಂದು ಸೌಟು ಹಾಕಿ ನೋಡಿ, ಆಮೇಲೆ ಮಾತಾಡೋಣ.